ಕೊರೆಯದೆ ಟೊಳ್ಳಾದ ಉಕ್ಕು

ಕೆಂಪಗೆ ಕಾದ ಗಟ್ಟಿ ಉಕ್ಕಿನ ಸರಳೊಂದು ಯಂತ್ರದೊಳಕ್ಕೆ ಹೋಗುತ್ತದೆ. ಯಂತ್ರವೆಂದರೆ ಮುಖ್ಯವಾಗಿ ಎರಡು ಉರುಳೆ. ಬೈರಿಗೆಯಿಲ್ಲ, ಉಳಿಯಿಲ್ಲ, ಕೊರೆಯುವ ಅಲಗಿಲ್ಲ. ಉರುಳೆಗಳು ಸರಳಿನ ಹೊರಮೈಯನ್ನಷ್ಟೇ ಒತ್ತುತ್ತವೆ, ಅದರ ಒಡಲನ್ನು ಯಾವುದೂ ಮುಟ್ಟುವುದಿಲ್ಲ. ಆದರೂ ಆ ಸಂದಿಯಲ್ಲಿ ಗಿರಗಿರನೆ ತಿರುಗುತ್ತಾ ಮುಂದೆ ಸಾಗುವಾಗಲೇ ಸರಳಿನ ನಟ್ಟನಡುವೆ ಉಕ್ಕು ತಾನಾಗಿ ಬಾಯಿ ಬಿಡುತ್ತದೆ! ಗಟ್ಟಿಯಾಗಿ ಹೋದದ್ದು ಟೊಳ್ಳಾಗುತ್ತದೆ. ಕೊರೆದಾಗ ಉದುರುವ ಲೋಹದ ಸಿಪ್ಪೆ ಇಲ್ಲಿ ಒಂದು ಚೂರೂ ಉದುರುವುದಿಲ್ಲ. ಹಾಗಾದರೆ ಆ ತೂತಿನಲ್ಲಿದ್ದ ಉಕ್ಕು ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಸುತ್ತಲಿನ ಗೋಡೆಗೆ ಸೇರಿಕೊಂಡಿತು, ಸರಳು ಉದ್ದವಾಯಿತು.

ಮೊದಲ ಸಲ ಓದಿದಾಗ ಎಲ್ಲೋ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಒಳಗೊಂದು ಮೊನೆ ಇದ್ದೇ ಇರಬೇಕು, ಅದೇ ಚುಚ್ಚುತ್ತಿರಬೇಕು ಎಂದು ಮನಸ್ಸು ಹಟ ಹಿಡಿಯುತ್ತದೆ. ಮೊನೆಯೂ ಇದೆ, ಅದರ ಮಾತು ಮುಂದೆ ಬರುತ್ತದೆ. ಆದರೆ ಬಾಯಿ ತೆರೆಯುವ ಕೆಲಸಕ್ಕೆ ಮೊನೆ ಬೇಕೇ ಇಲ್ಲ! 1885ರ ಜನವರಿಯಲ್ಲಿ ಜರ್ಮನಿಯಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದವರು ಅರ ಮಾಡುವ ಕಾರ್ಖಾನೆಯ ಇಬ್ಬರು ಹುಡುಗರು. ಅಣ್ಣ ರೈನ್‌ಹಾರ್ಡ್ ಮಾನೆಸ್‌ಮಾನ್‌ಗೆ ಆಗ 28 ವರ್ಷ, ತಮ್ಮ ಮಾಕ್ಸ್‌ಗೆ 27.

ಅರ ಎಂದರೆ ಬಡಗಿಯ, ಅಕ್ಕಸಾಲಿಯ, ಫಿಟ್ಟರನ ಕೈಯಲ್ಲಿರುವ ಆ ಒರಟು ಮೈಯ ಉಕ್ಕಿನ ಪಟ್ಟಿ. ಜರ್ಮನಿಯ ಪಶ್ಚಿಮದಲ್ಲಿ, ಕಲೋನ್‌ನಿಂದ ಅಷ್ಟೇನೂ ದೂರವಿಲ್ಲದ ಗುಡ್ಡಗಾಡಿನಲ್ಲಿ ರೆಮ್‌ಶೈಡ್ ಎಂಬ ಊರಿದೆ. ಹಳ್ಳಗಳ ನೀರಿನಿಂದ ಚಕ್ರ ತಿರುಗಿಸಿ, ಆ ಚಕ್ರದಿಂದ ಸುತ್ತಿಗೆ ಎತ್ತಿಸಿ ತಲೆಮಾರುಗಳಿಂದ ಉಕ್ಕು ಬಡಿದ ಊರು ಅದು. ಅರ, ಗರಗಸ, ಉಳಿ, ಇಕ್ಕಳ, ಮಂಜುಗಡ್ಡೆಯ ಮೇಲೆ ಜಾರುವ ಸ್ಕೇಟುಗಳು, ಹೀಗೆ ಅಂಚು ಇರುವ ವಸ್ತು ಯಾವುದೇ ಇರಲಿ, ಅದನ್ನು ರೆಮ್‌ಶೈಡಿನವರು ಮಾಡಿ ಲೋಕಕ್ಕೆಲ್ಲ ಮಾರುತ್ತಿದ್ದರು. ಅಪ್ಪನ ಹೆಸರೂ ರೈನ್‌ಹಾರ್ಡ್ ಮಾನೆಸ್‌ಮಾನ್ ಎಂದೇ, ಆತನ ಕಾರ್ಖಾನೆಯ ಅರಗಳಿಗೆ ಒಳ್ಳೆಯ ಹೆಸರಿತ್ತು. 1856ರ ಮೇ 13ರಂದು ಹುಟ್ಟಿದ ಮಗ ರೈನ್‌ಹಾರ್ಡ್ ಬೆಳೆದದ್ದು ಉಕ್ಕಿನ ವಾಸನೆಯಲ್ಲೇ.

ಇಲ್ಲೊಂದು ಅಡ್ಡಮಾತು, ತಡೆಯಲಾಗುತ್ತಿಲ್ಲ. ರೆಮ್‌ಶೈಡಿನ ಮಗ್ಗುಲಲ್ಲೇ ಲೆನ್ನೆಪ್ ಎಂಬ ಪುಟ್ಟ ಪಟ್ಟಣವಿದೆ. 1929ರಲ್ಲಿ ಅದು ರೆಮ್‌ಶೈಡ್‌ಗೇ ಸೇರಿಹೋಯಿತು. ರೈನ್‌ಹಾರ್ಡ್ ಹುಟ್ಟುವುದಕ್ಕೆ ಹನ್ನೊಂದು ವರ್ಷ ಮೊದಲು ಆ ಲೆನ್ನೆಪ್‌ನಲ್ಲಿ ಬಟ್ಟೆ ವ್ಯಾಪಾರಿಯೊಬ್ಬನಿಗೆ ಮಗ ಹುಟ್ಟಿದ. ಹೆಸರು ವಿಲ್‌ಹೆಲ್ಮ್ ರಾಂಟ್‌ಗನ್. ಎಕ್ಸ್-ಕಿರಣ ಕಂಡುಹಿಡಿದವನು! ಹೊರಗಿನಿಂದಲೇ ಒಡಲೊಳಗನ್ನು ಕಂಡವನೊಬ್ಬ, ಹೊರಗಿನಿಂದಲೇ ಒಡಲನ್ನು ತೆರೆದವನು ಇನ್ನೊಬ್ಬ. ಇಬ್ಬರೂ ಒಂದೇ ಗುಡ್ಡಸಾಲಿನವರು. ಇದಕ್ಕೆ ಅರ್ಥವೇನೂ ಇಲ್ಲ, ಬರೀ ಕಾಕತಾಳೀಯ. ಆದರೂ ಭೂಪಟದಲ್ಲಿ ಆ ಎರಡು ಚುಕ್ಕೆಗಳನ್ನು ನೋಡಿದಾಗ ಮೈ ಜುಮ್ಮೆನ್ನುತ್ತದೆ.

ಅರ ಮಾಡುವುದು ಕೀಳು ಕೆಲಸವೆಂದು ಯಾರೂ ಭಾವಿಸಬಾರದು. ಬೇರೆ ಉಕ್ಕನ್ನು ತೇಯಬೇಕಾದ ಉಕ್ಕು ಅದು, ಹಾಗಾಗಿ ಅಂಚಿನಿಂದ ನಡುವಿನವರೆಗೆ ಒಂದೇ ಸಮನಾಗಿ ಗಟ್ಟಿಯಿರಬೇಕು. ಅಂಥ ಉಕ್ಕಿಗೆ ಬೇಕಾದ ಇಂಗಾಲ ಕಬ್ಬಿಣದೊಳಗೆ ಹೋಗುವುದು ಹೇಗೆ? ಆ ಕಾಲದ ಒಂದು ವಿಧಾನದಲ್ಲಿ ಮೆದು ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನ ಪುಡಿಯಲ್ಲಿ ಹುದುಗಿಸಿ, ಪೆಟ್ಟಿಗೆಯ ಬಾಯಿ ಮುಚ್ಚಿ ದಿನಗಟ್ಟಲೆ ಕಾಯಿಸುತ್ತಿದ್ದರು. ಕಬ್ಬಿಣ ಕರಗುತ್ತಲೇ ಇರಲಿಲ್ಲ, ಇಂಗಾಲ ಮಾತ್ರ ಅದರೊಳಗೆ ತೆವಳಿ ಹೋಗುತ್ತಿತ್ತು. 1879ರಲ್ಲಿ, ಇನ್ನೂ 23ರ ಹರೆಯದಲ್ಲಿ, ರೈನ್‌ಹಾರ್ಡ್ ಇದರ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿದ. ಗಟ್ಟಿ ಲೋಹದ ಒಳಗೆ ಕಣ್ಣಿಗೆ ಕಾಣದ ಚಲನೆ ನಡೆಯುತ್ತದೆ ಎಂಬುದು ಅಷ್ಟು ಹೊತ್ತಿಗೇ ಈ ಹುಡುಗನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮುಂದಿನ ಕಥೆಗೆ ಇದೇ ಬೀಜವೆಂದು ನನಗನ್ನಿಸುತ್ತದೆ. ಉಕ್ಕನ್ನು ಕಲ್ಲಿನಂತೆ ಕಂಡವನಿಗೆ ಅದು ಒಡೆದರೆ ಬರೀ ನಷ್ಟ, ಅದರೊಳಗೆ ಏನೋ ನಡೆಯುತ್ತಿದೆ ಎಂದು ನಂಬಿದವನಿಗೆ ಒಡಕೂ ಒಂದು ಸುದ್ದಿ.

ಒಡಕು ಕಾಣಿಸಿಕೊಂಡದ್ದು ಉರುಳೆಗಳಲ್ಲಿ. ದುಂಡು ಸರಳಿನ ಮೈ ನಯವಾಗಲೆಂದು ಅದನ್ನು ಓರೆಯಾಗಿಟ್ಟ ಉರುಳೆಗಳ ನಡುವೆ ತಿರುಗಿಸುವುದುಂಟು. ಹಾಗೆ ತಿರುಗಿಸಿದ ಕೆಲವು ಸರಳುಗಳನ್ನು ಕತ್ತರಿಸಿ ನೋಡಿದರೆ ಹೊರಗೆ ಕನ್ನಡಿಯಂಥ ಮೈ, ಒಳಗೆ ನಟ್ಟನಡುವೆ ಬಿರುಕು! ಅರದ ಕಾರ್ಖಾನೆಯಲ್ಲಿ ಇದಕ್ಕಿಂತ ಕೆಟ್ಟ ಸುದ್ದಿ ಬೇರೆಯಿಲ್ಲ. ಅಂಥ ಸರಳನ್ನು ಮೂಲೆಗೆಸೆದು ಉರುಳೆಯ ಒತ್ತಡ ಕಡಿಮೆ ಮಾಡುವುದು ಬುದ್ಧಿವಂತರ ದಾರಿ. ಮಾನೆಸ್‌ಮಾನ್ ಸಹೋದರರು ಒತ್ತಡವನ್ನು ಇನ್ನೂ ಹೆಚ್ಚಿಸಿದರು. ಬಿರುಕು ಬರುತ್ತದೆಯಾದರೆ ಪೂರ್ತಿ ಬರಲಿ, ಆ ತುದಿಯಿಂದ ಈ ತುದಿಯವರೆಗೆ ಬರಲಿ ಎಂಬ ಪಟ್ಟು!

ಇಷ್ಟೊಂದು ಪಟ್ಟು ಯಾಕೆ? ಆ ಕಾಲದ ಕೊಳವೆಗಳ ಸ್ಥಿತಿ ನೋಡಿದರೆ ತಿಳಿಯುತ್ತದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಗ್ಯಾಸ್ ದೀಪಗಳು ಬಂದಾಗ ಗ್ಯಾಸ್ ಸಾಗಿಸಲು ಕೊಳವೆಗಳೇ ಸಿಗದೆ, ಯುದ್ಧ ಮುಗಿದು ಉಳಿದ ಬಂದೂಕುಗಳ ನಳಿಗೆಗಳನ್ನು ಒಂದಕ್ಕೊಂದು ಜೋಡಿಸಿದ್ದರು. ಊಹಿಸಿ ನೋಡಿ, ಬೀದಿಗೆ ಬೆಳಕು ಬಂದದ್ದು ಕೋವಿಯ ನಳಿಗೆಯ ಮೂಲಕ! 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಎಂಬ ಇಂಗ್ಲಿಷಿನವನು ಕಾದ ಪಟ್ಟಿಯನ್ನು ಮಡಚಿ, ಅಂಚಿಗೆ ಅಂಚು ಕೂಡಿಸಿ ಒಂದೇ ಎಳೆತಕ್ಕೆ ಬೆಸೆಯುವ ದಾರಿ ಕಂಡುಕೊಂಡ. ಕೊಳವೆಗಳು ಅಗ್ಗವಾದವು. ಆದರೆ ಪ್ರತಿಯೊಂದರ ಮೈಯಲ್ಲೂ ಉದ್ದಕ್ಕೆ ಒಂದು ಬೆಸುಗೆಯ ಗೀರು ಉಳಿಯಿತು. ಹರಿಯುವುದು ನೀರಾದರೆ ಚಿಂತೆಯಿಲ್ಲ. ಉಗಿಯಾದರೆ? ಆ ಶತಮಾನವೇ ಉಗಿಯ ಶತಮಾನ. ರೈಲು, ಹಡಗು, ಗಿರಣಿ ಎಲ್ಲಕ್ಕೂ ಹೆಚ್ಚು ಹೆಚ್ಚು ಒತ್ತಡದ ಉಗಿ ಬೇಕಾಯಿತು. ಒತ್ತಡ ಏರಿದಷ್ಟೂ ಕೊಳವೆ ಬಾಯಿ ಬಿಡುವ ಜಾಗ ಒಂದೇ, ಬೆಸುಗೆ. ಗಟ್ಟಿ ಸರಳನ್ನೇ ಕೊರೆದು ಕೊಳವೆ ಮಾಡಬಹುದು, ಫಿರಂಗಿಗಳನ್ನು ಹಾಗೇ ಮಾಡುತ್ತಿದ್ದರು. ಆದರೆ ಸಾವಿರಾರು ಅಡಿ ಬಾಯ್ಲರ್ ಕೊಳವೆಗಳನ್ನು ಫಿರಂಗಿಯಂತೆ ಕೊರೆಯುವುದು ಯಾರ ಕೈಲಾದೀತು?

ಈಗ ಉರುಳೆಗಳ ನಡುವೆ ಬಗ್ಗಿ ನೋಡೋಣ. ಸಾಮಾನ್ಯವಾಗಿ ಲೋಹವನ್ನು ಚಪ್ಪಟೆ ಮಾಡುವ ಗಿರಣಿಯಲ್ಲಿ ಎರಡು ಉರುಳೆಗಳು ಎದುರುಬದುರು ದಿಕ್ಕಿಗೆ ತಿರುಗುತ್ತವೆ, ಲೋಹ ನೇರವಾಗಿ ಒಳಗೆ ಎಳೆಯಲ್ಪಡುತ್ತದೆ. ಮಾನೆಸ್‌ಮಾನ್ ಗಿರಣಿಯಲ್ಲಿ ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ. ಹಾಗಾದಾಗ ನಡುವಿನ ಸರಳು ಇದ್ದಲ್ಲೇ ಗಿರಗಿರ ತಿರುಗಬೇಕು. ಆದರೆ ಉರುಳೆಗಳನ್ನು ಸಮಾನಾಂತರವಾಗಿ ಇಟ್ಟಿಲ್ಲ, ಒಂದನ್ನು ಕೊಂಚ ಮೇಲಕ್ಕೆ, ಇನ್ನೊಂದನ್ನು ಕೊಂಚ ಕೆಳಕ್ಕೆ ಓರೆ ಮಾಡಿಟ್ಟಿದೆ. ಕೆಲವೇ ಡಿಗ್ರಿಗಳ ಓರೆ. ಅಷ್ಟು ಸಾಕು, ಸರಳು ತಿರುಗುತ್ತಲೇ ತಿರುಪಿನಂತೆ ಮುಂದೆ ಹೋಗುತ್ತದೆ. ಅಂಗೈಗಳ ನಡುವೆ ದೇವರ ದೀಪಕ್ಕೆ ಬತ್ತಿ ಹೊಸೆಯುವಾಗ ಕೈಗಳು ಕೊಂಚ ಓರೆಯಾದರೆ ಬತ್ತಿ ಹೊಸೆಯುತ್ತ ಹೊಸೆಯುತ್ತ ಒಂದು ಕಡೆ ಸರಿಯುತ್ತದಲ್ಲ, ಅದೇ ಆಟ. ಇಲ್ಲಿ ಬತ್ತಿಯ ಜಾಗದಲ್ಲಿ 1200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದ ಉಕ್ಕು!

ಇನ್ನು ಒಡಲಿನ ಕಥೆ. ಉರುಳೆಗಳು ಎರಡು ಬದಿಯಿಂದ ಒತ್ತಿದಾಗ ದುಂಡು ಸರಳು ಒಂದಿಷ್ಟು ಮೊಟ್ಟೆಯಾಕಾರವಾಗುತ್ತದೆ. ಒತ್ತಿದ ದಿಕ್ಕಿಗೆ ಕುಗ್ಗುತ್ತದೆ, ಅದಕ್ಕೆ ಅಡ್ಡ ದಿಕ್ಕಿಗೆ ಹಿಗ್ಗುತ್ತದೆ. ಹಿಗ್ಗುವ ದಿಕ್ಕಿನಲ್ಲಿ ನಡುವಿನ ಉಕ್ಕನ್ನು ಎರಡೂ ಕಡೆಯಿಂದ ಯಾರೋ ಜಗ್ಗಿದಂತೆ. ಅಷ್ಟರಲ್ಲಿ ಸರಳು ಕಾಲು ಸುತ್ತು ತಿರುಗಿರುತ್ತದೆ. ಈಗ ಜಗ್ಗಿದ ಜಾಗವನ್ನೇ ಒತ್ತು, ಒತ್ತಿದ ಜಾಗವನ್ನೇ ಜಗ್ಗು. ಮತ್ತೆ ಕಾಲು ಸುತ್ತು. ಮತ್ತೆ ಒತ್ತು, ಮತ್ತೆ ಜಗ್ಗು. ಹೊರಮೈಯ ಉಕ್ಕಿಗೆ ಉರುಳೆಯ ಆಸರೆಯಿದೆ, ಅದು ತಾಳಿಕೊಳ್ಳುತ್ತದೆ. ನಟ್ಟನಡುವಿನ ಉಕ್ಕು ಎತ್ತ ಹೋಗಬೇಕು? ಎಳೆದಾಟದಲ್ಲಿ ಬಳಲಿ ಬಳಲಿ ಅದು ಕೊನೆಗೆ ಬಿರಿಯುತ್ತದೆ. ಸರಳು ಮುಂದೆ ಸಾಗಿದಂತೆ ಆ ಬಿರುಕೂ ಬೆನ್ನು ಹತ್ತಿ ಸಾಗುತ್ತದೆ. ಇದನ್ನೇ ಲೋಹಶಾಸ್ತ್ರದವರು ಇಂದಿಗೂ ಮಾನೆಸ್‌ಮಾನ್ ಪರಿಣಾಮ ಎನ್ನುತ್ತಾರೆ.

ಹೀಗೆ ಬಿರಿದ ತೂತು ಸೊಟ್ಟಪಟ್ಟ, ಒಳಗೋಡೆ ಹರಕುಮುರುಕು. ಅದಕ್ಕೇ ಬೇಕಾಯಿತು ಆ ಮೊನೆ. ಉರುಳೆಗಳ ಸಂದಿಯ ಆಚೆ, ಉದ್ದನೆಯ ಕಂಬಿಯ ತುದಿಯಲ್ಲಿ ಕೂತ ಲೋಹದ ಮೊನೆಯೊಂದು ಬರುತ್ತಿರುವ ಸರಳಿಗಾಗಿ ಕಾಯುತ್ತದೆ. ತೆರೆದುಕೊಳ್ಳುತ್ತಿರುವ ಬಾಯಿಯೊಳಗೆ ಅದು ಸಲೀಸಾಗಿ ನುಗ್ಗಿ, ಗೋಡೆಯನ್ನು ಒತ್ತಿ ತೀಡಿ, ತೂತನ್ನು ದುಂಡಗೆ ಮಾಡುತ್ತದೆ. ಇಂದಿನ ಗಿರಣಿಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ, ಇದನ್ನು ತಿಳಿದಾಗ ನಾನು ಓದು ನಿಲ್ಲಿಸಿ ಎದ್ದು ಓಡಾಡಿದ್ದೆ. ಉಕ್ಕು ತಾನಾಗಿ ಬಿರಿದರೆ ಒಳಗೋಡೆಯಲ್ಲಿ ಹರಕಿನ ಗುರುತು ಉಳಿಯುತ್ತದೆ, ಆದ್ದರಿಂದ ಈಗಿನ ಎಂಜಿನಿಯರುಗಳು ಅದನ್ನು ಪೂರ್ತಿ ಬಿರಿಯಲು ಬಿಡುವುದೇ ಇಲ್ಲ! ಬಿರಿಯುವುದಕ್ಕೆ ಇನ್ನೇನು ಕೂದಲೆಳೆಯಷ್ಟು ಉಳಿದಿದೆ ಎನ್ನುವ ಜಾಗಕ್ಕೆ ಸರಿಯಾಗಿ ಮೊನೆಯ ಮೂತಿಯನ್ನು ತಂದಿಡುತ್ತಾರೆ. ಮಾನೆಸ್‌ಮಾನ್ ಯಾವ ಒಡಕನ್ನು ಹುಡುಕಿಕೊಂಡು ಹೋದನೋ ಅದೇ ಒಡಕನ್ನು ಅಂಚಿನಲ್ಲಿ ತಡೆದು ನಿಲ್ಲಿಸುವುದು ಇಂದಿನ ಕಸುಬು. ಒಡಕು ಸರಿಯಾಗಿ ಯಾವ ಕ್ಷಣದಲ್ಲಿ, ಯಾವ ಲೆಕ್ಕದಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ಕಂಪ್ಯೂಟರ್ ಮಾದರಿಗಳನ್ನು ಕಟ್ಟಿ ಈಗಲೂ ಸಂಶೋಧನಾ ಲೇಖನಗಳು ಬರುತ್ತಲೇ ಇವೆ.

ಪೇಟೆಂಟ್ ಸಿಕ್ಕಿತು, ಸುದ್ದಿ ಹಬ್ಬಿತು. ಮಾನೆಸ್‌ಮಾನ್ ಸಹೋದರರ ಪರವಾಗಿ ನಿಂತವರು ಸಾಮಾನ್ಯರಲ್ಲ. ಯಂತ್ರಗಳ ಚಲನೆಯ ಶಾಸ್ತ್ರವನ್ನೇ ಕಟ್ಟಿದ ಬರ್ಲಿನ್ನಿನ ಪ್ರೊಫೆಸರ್ ಫ್ರಾಂಟ್ಸ್ ರೂಲೋ ಈ ವಿಧಾನವನ್ನು ಎಂಜಿನಿಯರುಗಳ ಸಭೆಯಲ್ಲಿ ಎತ್ತಿಹಿಡಿದ. ವಿದ್ಯುತ್ ಲೋಕದ ದೊರೆ ವೆರ್ನರ್ ಫಾನ್ ಸೀಮೆನ್ಸ್ ಹಣವನ್ನೂ ಹೆಸರನ್ನೂ ತೊಡಗಿಸಿದ. 1880ರ ದಶಕದ ಕೊನೆಗೆ ರೆಮ್‌ಶೈಡ್‌ನ ಜೊತೆಗೆ ಸಾರ್ ಪ್ರಾಂತ್ಯದ ಬೂಸ್‌ನಲ್ಲಿ, ಬೊಹೀಮಿಯಾದ ಕೊಮೊಟಾವ್‌ನಲ್ಲಿ, ಬ್ರಿಟನ್ನಿನ ವೇಲ್ಸ್‌ನ ಲ್ಯಾಂಡೋರ್‌ನಲ್ಲಿ ಕೊಳವೆ ಕಾರ್ಖಾನೆಗಳು ಎದ್ದವು. ಕೊಮೊಟಾವ್ ಇಂದು ಚೆಕ್ ದೇಶದ ಖೊಮುಟೊವ್. ಲ್ಯಾಂಡೋರ್‌ನದು ವೆರ್ನರ್‌ನ ತಮ್ಮ ವಿಲಿಯಂ ಸೀಮೆನ್ಸ್ ಕಟ್ಟಿದ್ದ ಉಕ್ಕಿನ ಕಾರ್ಖಾನೆಯ ನೆಲ.

ಆದರೆ ಆ ಉಕ್ಕನ್ನು ಹೊಸೆಯುವುದಕ್ಕೆ ಬೇಕಾದ ಬಲ! ಇಲ್ಲಿಗೆ ಬಂದಾಗ ಕಥೆ ನಿಜಕ್ಕೂ ಹುಚ್ಚು ಹಿಡಿಸುತ್ತದೆ. 4 ಇಂಚು ದಪ್ಪದ, 10ರಿಂದ 12 ಅಡಿ ಉದ್ದದ ಸರಳು ಕೊಳವೆಯಾಗಲು ಹಿಡಿಯುತ್ತಿದ್ದ ಹೊತ್ತು ಬರೀ 30ರಿಂದ 45 ಸೆಕೆಂಡು. ಆ ಅರೆ ನಿಮಿಷದಲ್ಲಿ ಯಂತ್ರ ಕೇಳುತ್ತಿದ್ದದ್ದು, ಕೊಳವೆಯ ಗಾತ್ರಕ್ಕೆ ತಕ್ಕಂತೆ, 2000ದಿಂದ 10000 ಅಶ್ವಶಕ್ತಿ. 1890ರ ಮಾತು ಇದು! ಅಷ್ಟು ದೊಡ್ಡ ಉಗಿ ಎಂಜಿನ್ನನ್ನು ಅರೆ ನಿಮಿಷದ ಕೆಲಸಕ್ಕೆಂದು ಯಾರು ಕಟ್ಟಿಸುತ್ತಾರೆ? ಒಂದು ಸರಳು ಮುಗಿದು ಇನ್ನೊಂದು ಕಾಯುವವರೆಗೆ ಅದು ಸುಮ್ಮನೆ ನಿಂತಿರಬೇಕು.

ಉಪಾಯ ಹೀಗೆ. 1200 ಅಶ್ವಶಕ್ತಿಯ ಎಂಜಿನ್ನು ಸಾಕು. ಅದು ಬಿಡುವಿನ ಹೊತ್ತಿನಲ್ಲಿ ಒಂದು ಭಾರಿ ಫ್ಲೈವೀಲನ್ನು ತಿರುಗಿಸಿ ತಿರುಗಿಸಿ ವೇಗ ತುಂಬಿಡಲಿ. ಸರಳು ಬಂದಾಗ ಚಕ್ರ ತಾನು ಕೂಡಿಟ್ಟ ಬಲವನ್ನೆಲ್ಲ ಒಮ್ಮೆಲೇ ಸುರಿಯಲಿ. ಲೆಕ್ಕ ಚೆನ್ನಾಗಿದೆ. ಆದರೆ ಅಷ್ಟು ಬಲ ಕೂಡಿಡಬೇಕಾದರೆ ಚಕ್ರ ಭಾರಿಯೂ ಇರಬೇಕು, ಭರದಿಂದಲೂ ತಿರುಗಬೇಕು. ಕೊಮೊಟಾವ್‌ನಲ್ಲಿ ಮಾಮೂಲಿ ರೀತಿಯಲ್ಲಿ ಮಾಡಿದ ಚಕ್ರವೊಂದು ಅಂಚಿನ ವೇಗ ಸೆಕೆಂಡಿಗೆ 125 ಅಡಿ ತಲುಪುವಷ್ಟರಲ್ಲಿ ಒಡೆದುಹೋಯಿತು. ಗಂಟೆಗೆ ಸುಮಾರು 137 ಕಿಲೋಮೀಟರ್ ವೇಗದಲ್ಲಿ ತುಂಡಾಗುವ ಚಕ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೇಡ, ತಂದುಕೊಳ್ಳುವುದೇ ಬೇಡ.

ಎರಕದ ಚಕ್ರ ಬೇಡವೆಂದು ಅವರು ಮಾಡಿದ್ದೇನು ಗೊತ್ತೇ? ಎರಕದ ಕಬ್ಬಿಣದ ಗುಂಬವೊಂದಕ್ಕೆ 20 ಅಡಿ ವ್ಯಾಸದ ಎರಡು ಉಕ್ಕಿನ ತಟ್ಟೆಗಳನ್ನು ಬಿಗಿದರು. ಆ ತಟ್ಟೆಗಳ ಅಂಚಿನ ಸುತ್ತ ತಂತಿ ಸುತ್ತಿದರು. ಸುತ್ತಿದರು, ಸುತ್ತಿದರು, 70 ಟನ್ ತಂತಿ ಸುತ್ತಿದರು! ಪ್ರತಿ ಸುತ್ತೂ ಬಿಗಿ ತಪ್ಪದಂತೆ ಜಗ್ಗಿ ಹಿಡಿದು. ಎರಕದ ಅಂಚು ಎಲ್ಲೋ ಒಂದು ಸಣ್ಣ ಗಾಳಿಗುಳ್ಳೆಯಿಂದ ಸೀಳಬಹುದು, ಎಳೆದು ಮಾಡಿದ ತಂತಿಗೆ ಆ ಭಯ ಕಡಿಮೆ, ಒಂದು ಎಳೆ ಹೋದರೂ ಉಳಿದವು ಹಿಡಿದಿರುತ್ತವೆ. ಲ್ಯಾಂಡೋರ್‌ನಲ್ಲಿ ಇಂಥ ಚಕ್ರ ನಿಮಿಷಕ್ಕೆ 240 ಸುತ್ತು ತಿರುಗುತ್ತಿತ್ತು. ಅಂಚಿನ ವೇಗ ಗಂಟೆಗೆ ಸುಮಾರು 275 ಕಿಲೋಮೀಟರ್! ಆ ಕಾಲದ ಯಾವ ರೈಲೂ ಕನಸಿನಲ್ಲೂ ಕಾಣದ ವೇಗದಲ್ಲಿ ಎರಡು ಅಂತಸ್ತಿನ ಮನೆಯೆತ್ತರದ ಚಕ್ರ, ವೇಲ್ಸ್‌ನ ಒಂದು ಚಾವಣಿಯ ಕೆಳಗೆ. ಮಾನೆಸ್‌ಮಾನ್ ಎಂಬ ಹೆಸರು ಕೇಳಿದರೆ ಎಲ್ಲರೂ ಕೊಳವೆಯನ್ನೇ ನೆನೆಯುತ್ತಾರೆ. ನನ್ನನ್ನು ಕೇಳಿದರೆ ಆ ತಂತಿಯ ಚಕ್ರಕ್ಕೇ ಒಂದು ಬೇರೆ ಪುಸ್ತಕ ಸಲ್ಲಬೇಕು.

1890ರ ಜುಲೈ 16ರಂದು ಬರ್ಲಿನ್ನಿನಲ್ಲಿ ಯುರೋಪಿನ ಮುಖ್ಯಭೂಮಿಯ ಕಾರ್ಖಾನೆಗಳೆಲ್ಲ ಸೇರಿ ಒಂದೇ ಕಂಪನಿಯಾದವು. ಜರ್ಮನ್-ಆಸ್ಟ್ರಿಯನ್ ಮಾನೆಸ್‌ಮಾನ್ ಕೊಳವೆ ಕಾರ್ಖಾನೆಗಳು ಎಂದು ಹೆಸರು, 35 ದಶಲಕ್ಷ ಮಾರ್ಕ್ ಬಂಡವಾಳ. ಆಡಳಿತದ ಚುಕ್ಕಾಣಿ ರೈನ್‌ಹಾರ್ಡ್ ಮತ್ತು ಮಾಕ್ಸ್ ಕೈಯಲ್ಲಿ. ಬೆನ್ನಿಗೆ ಡಾಯ್ಚ ಬ್ಯಾಂಕು, ಸೀಮೆನ್ಸ್ ಕುಟುಂಬ. ರೈನ್‌ಹಾರ್ಡ್‌ಗೆ 34 ವರ್ಷ. ಅರದ ಕಾರ್ಖಾನೆಯ ಮಗ ಜರ್ಮನಿಯ ದೊಡ್ಡ ಉದ್ಯಮಿಗಳ ಸಾಲಿಗೆ ಒಂದೇ ನೆಗೆತಕ್ಕೆ ಹಾರಿದ್ದ.

ಹಾರಿದವನ ಕಾಲು ನೆಲಕ್ಕೆ ತಾಗಿದ್ದೂ ಅಷ್ಟೇ ಬೇಗ. ಓರೆ ಉರುಳೆಗಳಿಂದ ಬಂದ ಕೊಳವೆಗಳ ಗೋಡೆ ತುಂಬ ದಪ್ಪ! ಬಾಯ್ಲರಿಗೆ, ಸೈಕಲ್ಲಿಗೆ ಬೇಕಾದದ್ದು ತೆಳು ಗೋಡೆಯ ಹಗುರ ಕೊಳವೆ. ಪ್ರದರ್ಶನದಲ್ಲಿ ಇಟ್ಟರೆ ಜನ ಬಾಯಿ ಬಿಟ್ಟು ನೋಡುತ್ತಿದ್ದರು, ಅಂಗಡಿಯಲ್ಲಿ ಇಟ್ಟರೆ ಕೊಳ್ಳುವವರಿಲ್ಲ. ಒಂದು ಸರಳು ಚೆನ್ನಾಗಿ ಬಂದರೆ ಇನ್ನೊಂದು ಹರಿದು ಬರುತ್ತಿತ್ತು, ಯಾಕೆಂದರೆ ಉಕ್ಕಿನಲ್ಲಿ ಎಳ್ಳಷ್ಟು ಕಲ್ಮಷವಿದ್ದರೂ ಆ ಎಳೆದಾಟ ಅದನ್ನು ಹುಡುಕಿ ಹೊರಗೆಳೆಯುತ್ತಿತ್ತು.

ಎರಡನೆಯ ಬೆರಗು ಹುಟ್ಟಿದ್ದು ಈ ಸಂಕಟದಲ್ಲೇ. ದಪ್ಪ ಗೋಡೆಯ ಟೊಳ್ಳು ಸರಳಿನೊಳಗೆ ಒಂದು ಕಂಬಿ ತೂರಿಸಿದರು. ಅದನ್ನು ಇನ್ನೊಂದು ಜೊತೆ ಉರುಳೆಗಳ ಬಾಯಿಗೆ ಕೊಟ್ಟರು. ಈ ಉರುಳೆಗಳ ಅಂಚಿನಲ್ಲಿ ಕೊರೆದ ತೋಡು ಒಂದೇ ಆಳದ್ದಲ್ಲ, ಒಂದು ಕಡೆ ಆಳ, ಬರಬರುತ್ತಾ ಕಿರಿದು. ಉರುಳೆ ಒಂದು ತುತ್ತು ಉಕ್ಕನ್ನು ಕಚ್ಚುತ್ತದೆ, ಕಂಬಿಯ ಮೇಲೆ ಅದನ್ನು ತೆಳ್ಳಗೆ ಎಳೆಯುತ್ತದೆ, ಎಳೆಯುತ್ತಲೇ ಕೊಳವೆಯನ್ನು ಹಿಂದಕ್ಕೆ ದಬ್ಬುತ್ತದೆ. ತೋಡಿನ ಆಳದ ಭಾಗ ಬಂದಾಗ ಹಿಡಿತ ಸಡಿಲ, ಆ ಗಳಿಗೆಯಲ್ಲಿ ಯಂತ್ರ ಕೊಳವೆಯನ್ನು ಮುಂದಕ್ಕೆ ತಳ್ಳಿ, ಜೊತೆಗೇ ಕಾಲು ಸುತ್ತು ತಿರುಗಿಸಿ, ಮತ್ತೆ ಬಾಯಿಗಿಡುತ್ತದೆ. ಮುಂದೆ, ಹಿಂದೆ, ತಿರುಗು, ಮುಂದೆ, ಹಿಂದೆ, ತಿರುಗು. ಲಕ್ಸೆಂಬರ್ಗಿನ ಎಖ್ಟರ್‌ನಾಖ್ ಊರಿನಲ್ಲಿ ಭಕ್ತರು ಮೂರು ಹೆಜ್ಜೆ ಮುಂದೆ ಎರಡು ಹೆಜ್ಜೆ ಹಿಂದೆ ಕುಣಿಯುತ್ತಾ ಸಾಗುವ ಹಳೆಯ ಮೆರವಣಿಗೆಯೊಂದಿತ್ತು. ಗಿರಣಿಯ ಈ ನಡಿಗೆಗೂ ಯಾತ್ರಿಕರ ಹೆಸರೇ ಬಿತ್ತು, ಇಂದಿಗೂ ಅದು ಪಿಲ್ಗರ್ ಗಿರಣಿ. ಓರೆ ಉರುಳೆ ಸರಳನ್ನು ತೆರೆದರೆ ಪಿಲ್ಗರ್ ಅದನ್ನು ತೆಳ್ಳಗೆ, ಉದ್ದಕ್ಕೆ ಎಳೆಯಿತು. ಎರಡೂ ಸೇರಿದಾಗಲೇ ಮಾರಾಟಕ್ಕೆ ಒದಗುವ ಕೊಳವೆ ಹುಟ್ಟಿತು.

ಹುಟ್ಟಿತು, ಆದರೆ ತಡವಾಗಿ. ಪಿಲ್ಗರ್ ಗಿರಣಿ ಪಳಗುವಷ್ಟರಲ್ಲಿ ಬಂಡವಾಳ ಕರಗುತ್ತಿತ್ತು. 1892ರ ಡಿಸೆಂಬರಿನಲ್ಲಿ ವೆರ್ನರ್ ಫಾನ್ ಸೀಮೆನ್ಸ್ ತೀರಿಕೊಂಡ. 1893ರಲ್ಲಿ ರೈನ್‌ಹಾರ್ಡ್ ಮತ್ತು ಮಾಕ್ಸ್ ತಮ್ಮದೇ ಹೆಸರಿನ ಕಂಪನಿಯ ಆಡಳಿತದಿಂದ ಹೊರನಡೆದರು. ಅದೇ ವರ್ಷ ಮುಖ್ಯ ಕಚೇರಿ ಬರ್ಲಿನ್ನಿನಿಂದ ಡುಸೆಲ್ಡಾರ್ಫ್‌ಗೆ ಹೋಯಿತು. ಡಾಯ್ಚ ಬ್ಯಾಂಕಿನ ಮಾಕ್ಸ್ ಸ್ಟೈನ್‌ಥಾಲ್ ಎಂಬ ತಾಳ್ಮೆಯ ಮನುಷ್ಯ ಕಂಪನಿಯನ್ನು ಕೈಬಿಡದೆ ದಶಕಗಳ ಕಾಲ ಕಾಪಾಡಿಕೊಂಡು ಬಂದ. ಮುಂದೆ ನಾಜಿಗಳ ಆಳ್ವಿಕೆ ಬಂದಾಗ, ಯಹೂದಿ ಎಂಬ ಕಾರಣಕ್ಕೆ ಆ ಮುದುಕನನ್ನು ಹುದ್ದೆಗಳಿಂದ ಹೊರದೂಡಿದರು. ಆ ವರ್ಷಗಳಲ್ಲೇ ಮಾನೆಸ್‌ಮಾನ್ ಕಾರ್ಖಾನೆಗಳಲ್ಲಿ ಬಲವಂತದಿಂದ ತಂದ ಜನರನ್ನು ದುಡಿಸಿದರು. ಬೆರಗಿನ ಕಥೆಯಲ್ಲಿ ಇದನ್ನು ನುಂಗಿಕೊಂಡು ಮುಂದೆ ಹೋಗಲಾಗದು.

ರೈನ್‌ಹಾರ್ಡ್ ಸೋತು ಮನೆಯಲ್ಲಿ ಕೂತನೇ? ಅವನ ಜಾಯಮಾನವೇ ಅದಲ್ಲ. ಆರು ಜನ ಅಣ್ಣತಮ್ಮಂದಿರು ಅವರು. ಕೊಳವೆ ಕೈತಪ್ಪಿದ ಮೇಲೆ ಗ್ಯಾಸ್ ದೀಪದ ಬತ್ತಿಗಳ ಉದ್ಯಮಕ್ಕೆ ಕೈ ಹಾಕಿದರು, ಮೋಟಾರು ಲಾರಿಗಳಿಗೂ ಕೈ ಹಾಕಿದರು. ಜೊತೆಗೇ, ಸಮುದ್ರ ದಾಟಿ, ಮೊರಾಕೊ! ಲೋಹಶಾಸ್ತ್ರಜ್ಞನ ಕಣ್ಣು ಆಫ್ರಿಕಾದ ಉತ್ತರದಂಚಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಕಂಡಿತ್ತು. ಆಗ ಮೊರಾಕೊದ ಗದ್ದುಗೆಗಾಗಿ ಅಣ್ಣತಮ್ಮಂದಿರ ಜಗಳ ನಡೆದಿತ್ತು. ಗೆದ್ದು ಸುಲ್ತಾನನಾದ ಮೌಲೆ ಹಫೀದ್‌ನಿಂದ ಮಾನೆಸ್‌ಮಾನ್ ಸಹೋದರರು ಗಣಿ ಹಕ್ಕಿನ ಪತ್ರ ಪಡೆದರು. ಫ್ರಾನ್ಸ್ ಕೆರಳಿತು. ಫ್ರೆಂಚ್ ಕಂಪನಿಗಳ ಜೊತೆ ಕೃಪ್ ಮತ್ತು ಥಿಸ್ಸನ್‌ನಂಥ ಜರ್ಮನ್ ಉಕ್ಕಿನ ಮನೆತನಗಳೇ ಎದುರು ಪಾಳಯದಲ್ಲಿದ್ದವು. ಸ್ವತಃ ಜರ್ಮನಿಯ ವಿದೇಶಾಂಗ ಕಚೇರಿಗೇ ಈ ಸಹೋದರರು ತಲೆನೋವಾದರು. ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಮಾನೆಸ್‌ಮಾನ್ ಪರ ಒಂದು ಗುಂಪು, ವಿರುದ್ಧ ಒಂದು ಗುಂಪು.

1911ರ ಜುಲೈ 1ರಂದು ಜರ್ಮನಿಯ ಯುದ್ಧದೋಣಿ ಪ್ಯಾಂಥರ್ ಮೊರಾಕೊದ ಅಗಾದಿರ್ ಬಂದರಿಗೆ ಬಂದು ಲಂಗರು ಹಾಕಿತು. ದಕ್ಷಿಣ ಮೊರಾಕೊದಲ್ಲಿರುವ ಜರ್ಮನ್ ಕಂಪನಿಗಳ ರಕ್ಷಣೆಗೆ ಎಂಬುದು ಕೊಟ್ಟ ನೆಪ. ಇಡೀ ಯುರೋಪು ಯುದ್ಧದ ಅಂಚಿಗೆ ಬಂದು ನಿಂತಿತು! ಆ ಬಿಕ್ಕಟ್ಟಿಗೆ ಮಾನೆಸ್‌ಮಾನ್ ಒಬ್ಬನೇ ಕಾರಣ ಎನ್ನುವುದು ಅತಿಯಾದೀತು, ದೊಡ್ಡ ದೇಶಗಳ ದೊಡ್ಡ ಹಸಿವು ಅದರ ಹಿಂದಿತ್ತು. ಮೊರಾಕೊದ ನೆಲ, ಅದಿರು ಅಲ್ಲಿನ ಜನರದೆಂದು ಎರಡೂ ಕಡೆಯವರಿಗೆ ಹೊಳೆದಂತಿಲ್ಲ. 1914ರಲ್ಲಿ ಯುದ್ಧ ಬಂದೇ ಬಂತು, ಸಹೋದರರ ಮೊರಾಕೊ ಆಸ್ತಿಯೆಲ್ಲ ಕೈಬಿಟ್ಟಿತು. ಮಾಕ್ಸ್ 1915ರಲ್ಲಿ ತೀರಿಕೊಂಡ. ರೈನ್‌ಹಾರ್ಡ್ 1922ರ ಫೆಬ್ರವರಿ 20ರಂದು, ಹುಟ್ಟಿದ ರೆಮ್‌ಶೈಡ್‌ನಲ್ಲೇ ಕಣ್ಣು ಮುಚ್ಚಿದ. ವಯಸ್ಸು 65.

ಅಷ್ಟರಲ್ಲಿ ಅವನ ಕೊಳವೆ ಲೋಕವನ್ನೆಲ್ಲ ಹೊಕ್ಕಾಗಿತ್ತು. ತೈಲಬಾವಿಯೊಳಗೆ ಸಾವಿರಾರು ಅಡಿ ಇಳಿಯುವ ಕೊಳವೆ, ಒತ್ತಿ ತುಂಬಿದ ಅನಿಲದ ಸಿಲಿಂಡರು, ಬಾಯ್ಲರು. ಕೋವಿಡ್ ದಿನಗಳಲ್ಲಿ ನಾವೆಲ್ಲ ಉಸಿರು ಬಿಗಿಹಿಡಿದು ಹುಡುಕಿದ ಆಮ್ಲಜನಕದ ಉಕ್ಕಿನ ಸಿಲಿಂಡರಿನ ಮೈ ತಡವಿ ನೋಡಿ, ಎಲ್ಲೂ ಬೆಸುಗೆಯ ಗೀರು ಸಿಗುವುದಿಲ್ಲ. ನಮ್ಮ ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರದ ಬಾಯ್ಲರುಗಳಲ್ಲಿ ಸುಡುಸುಡು ಉಗಿಯನ್ನು ಹೊತ್ತು ನಿಲ್ಲುವುದೂ ಇಂಥ ಬೆಸುಗೆಯಿಲ್ಲದ ಕೊಳವೆಗಳೇ. ತಿರುಚಿರಾಪಳ್ಳಿಯಲ್ಲಿ ಬಿಎಚ್‌ಇಎಲ್ ಅದಕ್ಕೆಂದೇ ಒಂದು ಕಾರ್ಖಾನೆ ಇಟ್ಟುಕೊಂಡಿದೆ.

ಇನ್ನು ಕಂಪನಿಯ ಕಥೆ. ಎರಡು ಯುದ್ಧ ದಾಟಿ ಅದು ದೈತ್ಯವಾಗಿ ಬೆಳೆಯಿತು. 1970ರಲ್ಲಿ ಸೋವಿಯತ್ ಒಕ್ಕೂಟದ ಅನಿಲಕ್ಕೆ ಬದಲಾಗಿ 12 ಲಕ್ಷ ಟನ್ ಕೊಳವೆ ಕೊಡುವ ಒಪ್ಪಂದದಲ್ಲಿ ಮಾನೆಸ್‌ಮಾನ್ ಮುಂಚೂಣಿಯಲ್ಲಿತ್ತು. ತಮಾಷೆಯೆಂದರೆ ಆ ದೊಡ್ಡ ವ್ಯಾಸದ ಕೊಳವೆಗಳು ಬೆಸುಗೆ ಹಾಕಿದವು! ಆಮೇಲೆ, 1989ರಲ್ಲಿ, ಯಾರೂ ಎಣಿಸದ ತಿರುವು. ಜರ್ಮನಿಯ ಮೊದಲ ಖಾಸಗಿ ಮೊಬೈಲ್ ಫೋನ್ ಜಾಲದ ಪರವಾನಗಿ ಸಿಕ್ಕಿದ್ದು ಈ ಕೊಳವೆ ಕಂಪನಿಗೆ. ಹತ್ತೇ ವರ್ಷದಲ್ಲಿ ಫೋನು ಉಕ್ಕನ್ನು ನುಂಗಿತು. 2000ದ ಫೆಬ್ರವರಿಯಲ್ಲಿ ಬ್ರಿಟನ್ನಿನ ವೊಡಾಫೋನ್ ಸುಮಾರು 180 ಶತಕೋಟಿ ಯೂರೊ ಬೆಲೆಗೆ ಮಾನೆಸ್‌ಮಾನ್ ಅನ್ನು ಕೊಂಡಿತು. ಜಗತ್ತು ಅಲ್ಲಿಯವರೆಗೆ ಕಂಡ ಅತಿ ದೊಡ್ಡ ಕಂಪನಿ ಖರೀದಿ ಅದು. 2007ರಲ್ಲಿ ನಮ್ಮಲ್ಲಿ ಹಚ್ ಹೋಗಿ ಬಂದದ್ದು ಅದೇ ವೊಡಾಫೋನ್.

ಫೋನು ಬೇಕಿದ್ದ ವೊಡಾಫೋನ್‌ಗೆ ಕೊಳವೆ ಬೇಕಿರಲಿಲ್ಲ. ಕೊಳವೆಯ ವ್ಯವಹಾರ ಜರ್ಮನಿಯ ಸಾಲ್ಟ್ಸ್‌ಗಿಟರ್ ಉಕ್ಕಿನ ಕಂಪನಿಯ ಪಾಲಾಯಿತು. ಡುಸೆಲ್ಡಾರ್ಫ್‌ನ ರಾತ್ ಬಡಾವಣೆಯಲ್ಲಿ ನೂರಕ್ಕೂ ಹೆಚ್ಚು ವರ್ಷ ಸರಳುಗಳನ್ನು ಹೊಸೆದ ಮಾನೆಸ್‌ಮಾನ್ ಗಿರಣಿ ಅಷ್ಟರಲ್ಲಿ ಫ್ರಾನ್ಸಿನ ವಲ್ಲುರೆಕ್ ಕಂಪನಿಯ ಜಂಟಿ ಉದ್ಯಮಕ್ಕೆ ಸೇರಿತ್ತು. 2023ರ ಕೊನೆಗೆ ವಲ್ಲುರೆಕ್ ಜರ್ಮನಿಯ ತನ್ನ ಉತ್ಪಾದನೆಯನ್ನೇ ನಿಲ್ಲಿಸಿತು. ಡುಸೆಲ್ಡಾರ್ಫ್‌ನಲ್ಲಿ ಆಗುತ್ತಿದ್ದ ಕೆಲಸದ ದೊಡ್ಡ ಪಾಲು ಈಗ ಬ್ರೆಜಿಲ್‌ನ ಉರುಳೆಗಳ ನಡುವೆ ನಡೆಯುತ್ತಿದೆ.